ಡೋಣಿ ನದಿಯ ನೀರು ಯಾಕೆ ಉಪ್ಪು? ಅದರ ದಂಡೆಯ ಜೋಳ ಯಾಕೆ ಅಷ್ಟು ಚೆಂದ?

ಸೆಪ್ಟೆಂಬರ್ ಬಂದು ನಾಲ್ಕು ದೊಡ್ಡ ಮಳೆ ಬಿದ್ದರೆ ವಿಜಯಪುರ ಜಿಲ್ಲೆಯಿಂದ ಒಂದು ಸುದ್ದಿ ಬರುತ್ತದೆ. ಡೋಣಿ ತುಂಬಿ ಹರಿಯಿತು, ತಾಳಿಕೋಟೆ ಹತ್ತಿರದ ನೆಲಮಟ್ಟದ ಸೇತುವೆ ಮುಳುಗಿತು, ಸಾರವಾಡದ ಕಡೆ ಹೊಲಕ್ಕೆ ನೀರು ನುಗ್ಗಿತು. ಆರು ತಿಂಗಳು ಕಳೆದು ಬೇಸಿಗೆ ಬಂದಾಗ ಅದೇ ಸೀಮೆಯ ಹಳ್ಳಿಗಳಿಂದ ಕುಡಿಯುವ ನೀರಿನ ತಾಪತ್ರಯದ ಸುದ್ದಿ. ನದಿ ಪಕ್ಕದಲ್ಲೇ ಇದ್ದರೂ ಅದರ ನೀರು ಬಾಯಿಗೆ ಹಾಕುವಂತಿಲ್ಲ. ಸವಳು, ಅಂದ್ರೆ ಉಪ್ಪು.

ಇಷ್ಟೇ ಆಗಿದ್ದರೆ ಡೋಣಿಯನ್ನು ಕೆಟ್ಟ ನದಿ ಎಂದು ಬದಿಗಿಡಬಹುದಿತ್ತು. ಆದರೆ ಆ ಕಡೆ ಒಂದು ಗಾದೆ ಇದೆ: ಡೋಣಿ ಬೆಳೆದರೆ ಓಣೆಲ್ಲಾ ಜೋಳ. ಈ ಹೊಳೆಯ ಸಾಲಿನಲ್ಲಿ ಫಸಲು ಬಂದ ವರ್ಷ ಊರಿನ ಓಣಿ ಓಣಿಯಲ್ಲೂ ಜೋಳ ಎಂದು ಅರ್ಥ. ಉಪ್ಪು ನೀರಿನ ನದಿಯ ದಂಡೆಯಲ್ಲಿ ನಾಡಿಗೇ ಹೆಸರಾದ ಬಿಳಿಜೋಳ ಬೆಳೆಯುವುದು ಹೇಗೆ? ವರ್ಷದ ಬಹುಭಾಗ ಬತ್ತಿ ಮಲಗುವ ನದಿ ಒಂದೇ ರಾತ್ರಿಯಲ್ಲಿ ಊರು ಮುಳುಗಿಸುವುದು ಹೇಗೆ? ಇವು ಬೇರೆ ಬೇರೆ ಪ್ರಶ್ನೆಗಳ ಹಾಗೆ ಕಾಣುತ್ತವೆ. ಉತ್ತರ ಮಾತ್ರ ಹೆಚ್ಚುಕಡಿಮೆ ಒಂದೇ ಕಡೆ ಇದೆ. ಅದು ನದಿಯ ನೀರಿನಲ್ಲಿಲ್ಲ, ಅದರ ಸುತ್ತಲಿನ ಮಣ್ಣಿನಲ್ಲಿದೆ.

ಎರಡು ದೊಡ್ಡ ನದಿಗಳ ನಡುವೆ

ಮೊದಲು ನಕ್ಷೆ. ವಿಜಯಪುರ ಜಿಲ್ಲೆಯ ಉತ್ತರದ ಅಂಚಿನಲ್ಲಿ ಭೀಮಾ ಹರಿಯುತ್ತದೆ. ದಕ್ಷಿಣದ ಅಂಚಿನಲ್ಲಿ ಕೃಷ್ಣಾ. ಇವೆರಡರ ನಡುವಿನ ಬಯಲಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸಾಗುವ ಸಣ್ಣ ನದಿ ಡೋಣಿ. ಇದು ಹುಟ್ಟುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ. ಅಲ್ಲಿಂದ ಕರ್ನಾಟಕಕ್ಕೆ ಬಂದು ತಿಕೋಟಾ, ಬಬಲೇಶ್ವರ, ಬಸವನ ಬಾಗೇವಾಡಿ, ತಾಳಿಕೋಟೆ ಸೀಮೆ ದಾಟುತ್ತದೆ. ಕೊನೆಗೆ ಯಾದಗಿರಿ ಜಿಲ್ಲೆಯ ಸುರಪುರದ ಕಡೆ, ನಾರಾಯಣಪುರ ಅಣೆಕಟ್ಟೆಯ ಕೆಳಗೆ, ಕೃಷ್ಣೆಯನ್ನು ಸೇರುತ್ತದೆ. ವಿಜಯಪುರ ನಗರ ಡೋಣಿಯ ಉತ್ತರಕ್ಕಿದೆ. ನಗರದಿಂದ ಬಾಗಲಕೋಟೆ ಕಡೆ ಹೊರಟವರು ದಾರಿಯಲ್ಲಿ ಈ ನದಿಯನ್ನು ದಾಟಲೇಬೇಕು. ಬೇಸಿಗೆಯಲ್ಲಿ ಎಷ್ಟೋ ಜನರಿಗೆ ನದಿ ದಾಟಿದ್ದೇ ಗೊತ್ತಾಗುವುದಿಲ್ಲ.

ತಾಳಿಕೋಟೆ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು 1565ರ ಯುದ್ಧ. ವಿಜಯನಗರದ ವಿರುದ್ಧ ಸುಲ್ತಾನರ ಸೈನ್ಯಗಳು ಬಂದು ಸೇರಿದ್ದು ಡೋಣಿ ದಂಡೆಯ ಈ ಊರಿನ ಕಡೆ. ಕಾಳಗ ನಡೆದದ್ದು ಇಲ್ಲಲ್ಲ, ಇನ್ನೂ ದಕ್ಷಿಣಕ್ಕೆ, ಕೃಷ್ಣೆಯ ಬಳಿ. ರಕ್ಕಸಗಿ, ತಂಗಡಗಿ ಎಂಬ ಊರುಗಳ ಹೆಸರು ಸೇರಿಸಿ ಅದನ್ನು ರಕ್ಕಸತಂಗಡಿ ಯುದ್ಧ ಎನ್ನುವುದು ಅದಕ್ಕೇ.

ಡೋಣಿಗೂ ಅದರ ಅಕ್ಕಪಕ್ಕದ ದೊಡ್ಡ ನದಿಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕೃಷ್ಣಾ ಹುಟ್ಟುವುದು ಮಹಾಬಳೇಶ್ವರದಲ್ಲಿ, ಭೀಮಾ ಹುಟ್ಟುವುದು ಭೀಮಾಶಂಕರದಲ್ಲಿ. ಎರಡೂ ಸಹ್ಯಾದ್ರಿಯ ಜಡಿಮಳೆಯ ಜಾಗ. ಜೂನ್, ಜುಲೈಯಲ್ಲಿ ಅಲ್ಲಿ ಮಳೆ ಹೊಡೆದರೆ ವಿಜಯಪುರದಲ್ಲಿ ಹನಿ ಬೀಳದಿದ್ದರೂ ಕೃಷ್ಣೆ ತುಂಬಿ ಬರುತ್ತಾಳೆ. ಡೋಣಿಗೆ ಆ ಭಾಗ್ಯವಿಲ್ಲ. ಅದು ಹುಟ್ಟುವ ಜತ್ತವೇ ಬರದ ಸೀಮೆ. ಘಟ್ಟದ ಪಶ್ಚಿಮಕ್ಕೆ ಮಳೆ ಸುರಿಸಿ ಖಾಲಿಯಾದ ಮೋಡಗಳು ದಾಟಿ ಹೋಗುವ ಜಾಗ. ಇಂಥದ್ದನ್ನು ಮಳೆ ನೆರಳಿನ ಪ್ರದೇಶ ಎನ್ನುತ್ತಾರೆ. ಹುಟ್ಟಿನಿಂದ ಕೊನೆಯವರೆಗೂ ಡೋಣಿ ಹರಿಯುವುದು ಈ ನೆರಳಿನಲ್ಲೇ.

ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಅದರಲ್ಲೂ ಜಾಸ್ತಿ ಬೀಳುವುದು ಸೆಪ್ಟೆಂಬರಿನಲ್ಲಿ. ಮುಂಗಾರು ಹಿಂದೆ ಸರಿಯುವ ಹೊತ್ತಿಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಒಳನಾಡಿಗೆ ಬರುತ್ತವೆ, ಸಂಜೆಯ ಗುಡುಗು ಮಳೆ ಕಟ್ಟುತ್ತದೆ. ರೈತರ ಲೆಕ್ಕದಲ್ಲಿ ಉತ್ತರಿ, ಹಸ್ತ, ಚಿತ್ತಿ ಮಳೆ. ಡೋಣಿಯ ವರ್ಷ ನಿಲ್ಲುವುದು ಈ ಆರು ವಾರಗಳ ಮೇಲೆ.

ಕೆಳಗಿನ ಕಲ್ಲು

ನದಿಯ ಗುಣ ತಿಳಿಯಲು ಅದು ಯಾವ ಕಲ್ಲಿನ ಮೇಲೆ ಹರಿಯುತ್ತದೆ ಎಂದು ನೋಡಬೇಕು. ಡೋಣಿಯ ಬಹುಪಾಲು ದಾರಿ ಕಪ್ಪು ಕಲ್ಲಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ನೆಲ ಬಿರಿದು, ಪದರ ಪದರವಾಗಿ ಲಾವಾ ಹರಿದು ಹೆಪ್ಪುಗಟ್ಟಿತು. ಮಹಾರಾಷ್ಟ್ರದ ಬಹುಭಾಗ ಮತ್ತು ನಮ್ಮ ಉತ್ತರದ ಜಿಲ್ಲೆಗಳ ಅಡಿಯಲ್ಲಿರುವುದು ಅದೇ ಕಲ್ಲು. ಹೆಸರು ಬಸಾಲ್ಟ್. ಪೂರ್ವಕ್ಕೆ ಹೋದಂತೆ ಈ ಲಾವಾದ ಹೊದಿಕೆ ತೆಳ್ಳಗಾಗಿ, ತಾಳಿಕೋಟೆ ಸುತ್ತ ಅದಕ್ಕಿಂತ ಎಷ್ಟೋ ಹಳೆಯದಾದ ಸುಣ್ಣಕಲ್ಲು ಮೇಲೆ ಕಾಣಿಸಿಕೊಳ್ಳುತ್ತದೆ. ಹಾಳೆ ಹಾಳೆಯಾಗಿ ಬಿಡಿಸಬಹುದಾದ ಕಲ್ಲು ಅದು. ನೆಲಕ್ಕೆ ಹಾಸುವ ಶಹಾಬಾದಿ ಕಲ್ಲು ಇದೇ ಬಳಗದ್ದು. ಸುರಪುರ ಮುಟ್ಟುವ ಹೊತ್ತಿಗೆ ಅದೂ ಮುಗಿದು ಗ್ರಾನೈಟಿನ ಗುಂಡುಗಲ್ಲುಗಳ ಸೀಮೆ ಶುರು. ಸಣ್ಣ ನದಿಯೊಂದು ಹೀಗೆ ಮೂರು ಬಗೆಯ ಕಲ್ಲು ದಾಟುವುದು ಚೋದ್ಯವೇ. ಆದರೂ ಡೋಣಿಯ ಗುಣ ತೀರ್ಮಾನವಾಗುವುದು ಮೊದಲನೆಯದರಲ್ಲಿ.

ಎರೆ ಮಣ್ಣಿನ ಗುಣ

ಬಸಾಲ್ಟ್ ಕಲ್ಲು ಸಾವಿರಾರು ವರ್ಷ ಬಿಸಿಲು ಮಳೆಗೆ ಕೊಳೆತು ಆದದ್ದೇ ಎರೆ ಮಣ್ಣು. ನಾವು ಕರಿ ಮಣ್ಣು, ಹತ್ತಿ ಮಣ್ಣು ಎಂದೂ ಕರೆಯುತ್ತೇವೆ. ದಿಬ್ಬದ ಮೇಲೆ ಇದು ಗೇಣುದ್ದ ಇರಬಹುದು. ಮಳೆ ನೀರು ಅದನ್ನು ಕೊಚ್ಚಿಕೊಂಡು ತಗ್ಗಿಗೆ ತಂದು ಹಾಕುತ್ತದೆ. ಡೋಣಿಯ ಬಯಲು ಹೀಗೆ ಸುತ್ತಲಿನ ಮಣ್ಣೆಲ್ಲ ಬಂದು ಕೂತ ತಗ್ಗು. ಹಾಗಾಗಿ ಇಲ್ಲಿ ಎರೆ ಮಣ್ಣು ಮೀಟರುಗಟ್ಟಲೆ ಆಳ.

ಈ ಮಣ್ಣಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜೇಡಿ. ಜೇಡಿಯ ಕಣ ಅಂದ್ರೆ ಒಂದು ಮಿಲಿಮೀಟರನ್ನು ಐನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತಲೂ ಸಣ್ಣದು. ಎರೆ ಮಣ್ಣಿನ ಜೇಡಿಗೆ ಇನ್ನೊಂದು ವಿಶೇಷವಿದೆ. ಅದರ ಕಣಗಳು ತೆಳು ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂಥವು. ನೀರು ಬಿದ್ದರೆ ಹಾಳೆಗಳ ನಡುವೆ ಹೊಕ್ಕು ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದರೆ ಹಾಳೆಗಳು ಮತ್ತೆ ಹತ್ತಿರ ಬಂದು ಮಣ್ಣು ಕುಗ್ಗುತ್ತದೆ. ಕುಗ್ಗಿದಾಗ ಜಾಗ ಸಾಲದೆ ನೆಲ ಬಿರಿಯುತ್ತದೆ.

ಏಪ್ರಿಲ್‌ನಲ್ಲಿ ಡೋಣಿ ಸಾಲಿನ ಖಾಲಿ ಹೊಲಕ್ಕೆ ಇಳಿದು ನೋಡಿ. ನೆಲದ ತುಂಬ ಬಿರುಕಿನ ಜಾಲ. ಬಿರುಕಿನೊಳಗೆ ಇಡೀ ಅಂಗೈ ಹೋಗುತ್ತದೆ. ಉದ್ದನೆಯ ಕಟ್ಟಿಗೆ ಇಳಿಬಿಟ್ಟರೆ ಒಂದು ಮೀಟರ್ ಹೋದರೂ ಆಶ್ಚರ್ಯವಿಲ್ಲ. ಮೇಲಿನ ಪುಡಿ ಮಣ್ಣು, ಒಣಗಿದ ಎಲೆ, ಕಣಿಕೆಯ, ಅಂದ್ರೆ ಒಣಗಿದ ಜೋಳದ ದಂಟಿನ, ಚೂರು ಈ ಬಿರುಕಿಗೆ ಬೀಳುತ್ತಲೇ ಇರುತ್ತವೆ. ಮಳೆ ಬಂದಾಗ ಕೆಳಗಿನ ಮಣ್ಣು ಉಬ್ಬಿ ಮೇಲಕ್ಕೆ ಬರುತ್ತದೆ. ವರ್ಷ ವರ್ಷವೂ ಮಣ್ಣು ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಎರೆ ಹೊಲ ತನ್ನಷ್ಟಕ್ಕೆ ಉತ್ತುಕೊಳ್ಳುತ್ತದೆ ಎಂದು ಹೇಳುವುದು ಈ ಕಾರಣಕ್ಕೆ. ಇಂಥ ನೆಲದ ಮೇಲೆ ಸರಿಯಾದ ಪಾಯ ಇಲ್ಲದ ಮನೆ ಕಟ್ಟಿದರೆ ಗೋಡೆಯೂ ಬಿರಿಯುತ್ತದೆ, ಅದು ಬೇರೆ ಮಾತು.

ಈ ಮಣ್ಣು ನೀರಿನ ಜೊತೆ ನಡೆದುಕೊಳ್ಳುವ ಬಗೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ. ಮೊದಲ ಮಳೆಯ ನೀರು ಬಿರುಕುಗಳಲ್ಲಿ ಸರ್ರನೆ ಇಳಿದು ಹೋಗುತ್ತದೆ. ನಾಲ್ಕು ಮಳೆ ಆದ ಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಆಮೇಲೆ ನೀರು ಒಳಗೆ ಇಳಿಯುವುದು ತುಂಬ ನಿಧಾನ. ಹಾಗೆಯೇ ಒಳಗೆ ಹೋದ ನೀರು ಹೊರಗೆ ಬರುವುದೂ ಅಷ್ಟೇ ನಿಧಾನ.

ನೀರು ಸವಳಾಗುವುದು ಹೇಗೆ

ಮಳೆ ನೀರಿನಲ್ಲಿ ಉಪ್ಪು ಇಲ್ಲವೆಂದೇ ಹೇಳಬೇಕು. ಹಾಗಾದರೆ ಡೋಣಿಗೆ ಉಪ್ಪು ಬಂದದ್ದು ಎಲ್ಲಿಂದ? ಸಮುದ್ರವಂತೂ ನೂರಾರು ಕಿಲೋಮೀಟರ್ ದೂರ.

ಉಪ್ಪು ಅಂದರೆ ಅಡುಗೆ ಉಪ್ಪು ಒಂದೇ ಅಲ್ಲ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇತ್ಯಾದಿ ಸೇರಿ ಆದ ಹಲವು ಲವಣಗಳಿವೆ. ಬಸಾಲ್ಟ್ ಕಲ್ಲು ಕೊಳೆಯುವಾಗ ಇವು ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತವೆ. ಇದು ಎಲ್ಲ ಕಡೆಯೂ ನಡೆಯುವ ಕೆಲಸ. ಮಲೆನಾಡಿನಲ್ಲೂ ಕಲ್ಲು ಕೊಳೆಯುತ್ತದೆ, ಅಲ್ಲೂ ಲವಣ ಹೊರಬರುತ್ತದೆ. ಆದರೆ ಅಲ್ಲಿ ಸಾವಿರಗಟ್ಟಲೆ ಮಿಲಿಮೀಟರ್ ಮಳೆ ಸುರಿದು ಎಲ್ಲವನ್ನೂ ತೊಳೆದು ಸಮುದ್ರಕ್ಕೆ ಕಳಿಸುತ್ತದೆ. ಶರಾವತಿ ಸಿಹಿಯಾಗಿರುವುದು ಹಾಗೆ.

ವಿಜಯಪುರದಲ್ಲಿ ತೊಳೆಯುವಷ್ಟು ಮಳೆಯೇ ಇಲ್ಲ. ಬೀಳುವ ಮಳೆಗಿಂತ ಎರಡು ಮೂರು ಪಟ್ಟು ನೀರನ್ನು ಆವಿ ಮಾಡುವಷ್ಟು ಬಿಸಿಲು, ಗಾಳಿ ಇಲ್ಲಿದೆ. ಸಾರನ್ನು ಒಲೆಯ ಮೇಲೆ ಮರೆತು ಬಿಟ್ಟರೆ ಏನಾಗುತ್ತದೆ? ನೀರು ಬತ್ತುತ್ತದೆ, ಉಪ್ಪು ಅಷ್ಟೇ ಉಳಿಯುತ್ತದೆ, ನಾಲಿಗೆಗೆ ಇಡಲಾಗದ ಹಾಗೆ ಆಗುತ್ತದೆ. ಡೋಣಿಯ ಬಯಲಿನಲ್ಲಿ ನಡೆಯುವುದು ಇದೇ.

ಇದಕ್ಕೆ ಮಣ್ಣಿನ ಜಿಪುಣತನವೂ ಸೇರುತ್ತದೆ. ದಿಬ್ಬದ ಮೇಲೆ ಇಂಗಿದ ನೀರು ನೆಲದೊಳಗೆ ಲವಣ ಕರಗಿಸಿಕೊಂಡು ತಗ್ಗಿನ ಕಡೆ ಜರುಗುತ್ತದೆ. ತಗ್ಗು ಅಂದ್ರೆ ಡೋಣಿ. ಆದರೆ ದಪ್ಪ ಜೇಡಿಯಲ್ಲಿ ನೀರು ಬೇಗ ಹರಿದು ಹೋಗಲಾರದು. ನಿಂತಲ್ಲೇ ನಿಲ್ಲುತ್ತದೆ. ನೀರು ನೆಲದ ಮಟ್ಟಕ್ಕೆ ಹತ್ತಿರವಿದ್ದರೆ ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಮೇಲೇರಿ ಆವಿಯಾಗುತ್ತದೆ. ಲವಣ ಮಾತ್ರ ನೆಲದ ಮೇಲೆ ಉಳಿಯುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ನದಿಯ ದಂಡೆ ನೋಡಿದರೆ ಕಪ್ಪು ಮಣ್ಣಿನ ಮೇಲೆ ಬೂದಿ ಎರಚಿದ ಹಾಗೆ ಬಿಳಿ ಪದರ ಕಾಣುತ್ತದೆ. ಬೆರಳಿನಿಂದ ಕೆರೆದರೆ ಪುಡಿ ಪುಡಿಯಾಗಿ ಬರುತ್ತದೆ. ಅದೇ ಸವಳು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಡೋಣಿ ವರ್ಷವಿಡೀ ಒಂದೇ ಸಮ ಉಪ್ಪಾಗಿರುವುದಿಲ್ಲ. ಹೊಳೆ ತುಂಬಿ ಬಂದಾಗ ಅದರಲ್ಲಿರುವುದು ಆಗಷ್ಟೇ ಬಿದ್ದ ಮಳೆ ನೀರು. ಕೆಸರು ಜಾಸ್ತಿ, ಉಪ್ಪು ಕಡಿಮೆ. ಮಳೆ ನಿಂತ ಮೇಲೆ ಹರಿವು ಸಣ್ಣದಾಗುತ್ತದೆ. ಆಗ ನದಿಗೆ ಬರುವುದು ದಂಡೆಯ ಮಣ್ಣಿನಿಂದ ಜಿನುಗುವ ನೀರು ಮಾತ್ರ. ಆ ನೀರು ಲವಣ ಹೊತ್ತು ತರುತ್ತದೆ. ಬೇಸಿಗೆಯಲ್ಲಿ ಅಲ್ಲಲ್ಲಿ ಮಡುವಿನಲ್ಲಿ ಉಳಿದದ್ದು ಇನ್ನೂ ಬತ್ತಿ ಇನ್ನೂ ಉಪ್ಪಾಗುತ್ತದೆ. ಅಂದ್ರೆ ನೀರಿನ ಅಗತ್ಯ ಎಷ್ಟು ಹೆಚ್ಚೋ ನದಿಯ ನೀರು ಅಷ್ಟು ಕೆಟ್ಟಿರುತ್ತದೆ.

ಭಾರತದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ಯಾವ ಮೂಲವೂ ಇಲ್ಲದಿದ್ದರೆ 2,000ದವರೆಗೆ ಸಹಿಸಬಹುದು. ಸಮುದ್ರದ ನೀರಿನಲ್ಲಿ ಇದು ಸುಮಾರು 35,000. ಸವಳು ಸೀಮೆಯ ಬಾವಿ, ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಕೊಟ್ಟಾಗ ನೋಡಬೇಕಾದ ಮೊದಲ ಅಂಕಿ ಇದು.

ಹೊಳೆ ಹತ್ತಿರವೇ ಇದ್ದರೂ ಆದಿಲ್‌ಶಾಹಿ ರಾಜಧಾನಿಯಾಗಿದ್ದ ವಿಜಯಪುರ ನೀರಿಗೆ ನೆಚ್ಚಿಕೊಂಡದ್ದು ಬೇರೆ ಕಡೆ. ತೊರವಿಯಿಂದ ನೆಲದಡಿಯ ಕಾಲುವೆಯಲ್ಲಿ ನೀರು ತಂದರು. 1620ರಲ್ಲಿ ತಾಜ್ ಬಾವಡಿ ಎಂಬ ದೊಡ್ಡ ಬಾವಿ ಕಟ್ಟಿದರು, 1651ರಲ್ಲಿ ಬೇಗಂ ತಾಲಾಬ್ ಎಂಬ ಕೆರೆ. ಇಂದಿನ ನಗರಕ್ಕೂ ನೀರು ಬರುವುದು ಕೊಲ್ಹಾರದ ಬಳಿಯ ಕೃಷ್ಣೆಯಿಂದ, ಡೋಣಿಯನ್ನು ದಾಟಿಕೊಂಡು.

ಹಾಗಾದರೆ ಜೋಳ ಬೆಳೆಯುವುದು ಯಾವ ನೀರಿನಿಂದ?

ನದಿ ಇದ್ದರೆ ಕಾಲುವೆ, ಕಾಲುವೆಯಿಂದ ಹೊಲ. ಕಾವೇರಿ ಸೀಮೆಯವರ ಕಣ್ಣಿಗೆ ನದಿ ಅಂದ್ರೆ ಇದು. ಡೋಣಿಗೆ ಈ ಲೆಕ್ಕ ನಡೆಯುವುದಿಲ್ಲ. ಇಲ್ಲಿನ ಜೋಳಕ್ಕೆ ನದಿಯ ನೀರು ಬೇಕಾಗಿಯೇ ಇಲ್ಲ. ಬೇಕಾಗಿರುವುದು ನದಿ ತಂದು ಹಾಕಿದ ಮಣ್ಣು.

ಒಂದು ಮೀಟರ್ ಆಳದ ಎರೆ ಮಣ್ಣು ಸರಿಯಾಗಿ ನೆನೆದರೆ 150ರಿಂದ 200 ಮಿಲಿಮೀಟರ್ ಮಳೆಯಷ್ಟು ನೀರನ್ನು ಬೆಳೆಗೆ ಸಿಗುವ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಡೋಣಿ ಬಯಲಿನಲ್ಲಿ ಮಣ್ಣು ಇನ್ನೂ ಆಳ. ಸೆಪ್ಟೆಂಬರಿನ ಮಳೆಯನ್ನು ನೆಲವೇ ಕುಡಿದು ಇಟ್ಟುಕೊಳ್ಳುತ್ತದೆ. ರೈತರು ಉತ್ತರಿ, ಹಸ್ತದ ಹದ ನೋಡಿ ಕೂರಿಗೆ ಹೂಡುತ್ತಾರೆ. ಆಮೇಲೆ ಒಂದೆರಡು ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನವೆಂಬರಿನಿಂದ ಫೆಬ್ರುವರಿಯವರೆಗೆ ಪೈರು ಬದುಕುವುದು ನೆಲದೊಳಗಿನ ಹಸಿಯ ಮೇಲೆ, ರಾತ್ರಿಯ ಚಳಿ ಮತ್ತು ಇಬ್ಬನಿಯ ಆಸರೆಯಲ್ಲಿ. ಇದೇ ಹಿಂಗಾರಿ ಬೇಸಾಯ. ಮಳೆಗಾಲದಲ್ಲಿ ಹೊಲ ಖಾಲಿ, ಮಳೆ ಹೋದ ಮೇಲೆ ಬೆಳೆ. ಹೊರಗಿನವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಮುಂಗಾರಿಯಲ್ಲಿ ಬಿತ್ತಿದರೆ ಏನಾಗುತ್ತದೆ ಅಂದ್ರೆ, ಜೂನ್ ಜುಲೈಯ ಮಳೆ ನೆಚ್ಚಿಕೆಗೆ ಸಿಗುವುದಿಲ್ಲ. ದೊಡ್ಡ ಮಳೆ ಬಂದರೆ ಎರೆ ಹೊಲದಲ್ಲಿ ಕಾಲಿಡುವುದೇ ಕಷ್ಟ. ಎತ್ತಿನ ಕಾಲು ಹೂತು ಹೋಗುತ್ತದೆ, ಚಕ್ಕಡಿ ನಡೆಯುವುದಿಲ್ಲ.

ಬಿಳಿಜೋಳ ಈ ಪದ್ಧತಿಗೆ ಹೇಳಿ ಮಾಡಿಸಿದ ಬೆಳೆ. ಬೇರು ಒಂದೂವರೆ ಮೀಟರ್ ಆಳಕ್ಕೂ ಇಳಿಯುತ್ತದೆ. ಮೇಲಿನ ಮಣ್ಣು ಒಣಗುತ್ತಾ ಹೋದಂತೆ ಬೇರು ಹಸಿಯನ್ನು ಹುಡುಕುತ್ತಾ ಕೆಳಗೆ ಹೋಗುತ್ತದೆ. ಸ್ವಲ್ಪ ಮಟ್ಟಿನ ಉಪ್ಪನ್ನೂ ತಡೆದುಕೊಳ್ಳುತ್ತದೆ. ಕುಸುಬೆಯೂ ಹಾಗೆಯೇ. ಕಡಲೆ ಮಾತ್ರ ಸವಳಿಗೆ ಬೇಗ ಸೋಲುತ್ತದೆ, ಅದಕ್ಕೆ ಸ್ವಲ್ಪ ಎತ್ತರದ ಹೊಲವೇ ಆಗಬೇಕು. ಜೋಳ ಕಾಳು ಕಟ್ಟುವ ಹೊತ್ತಿಗೆ ಮಳೆ ಇರುವುದಿಲ್ಲವಾದ್ದರಿಂದ ತೆನೆಗೆ ಬೂಷ್ಟು ಹಿಡಿಯುವುದಿಲ್ಲ. ಕಾಳು ಮುತ್ತಿನ ಹಾಗೆ ಬೆಳ್ಳಗೆ, ಹೊಳಪಾಗಿ ಬರುತ್ತದೆ. ರೊಟ್ಟಿ ಬಡಿಯುವವರಿಗೆ ಹಿಂಗಾರಿ ಜೋಳವೇ ಬೇಕು ಅನ್ನುವುದು ಸುಮ್ನೆ ಅಲ್ಲ.

ಹೊಲದಲ್ಲಿ ನಡೆಯುವ ಕೆಲಸಗಳನ್ನು ನೋಡಿದರೆ ಎಲ್ಲವೂ ಹಸಿ ಉಳಿಸುವ ಕೆಲಸವೇ. ಮಳೆಗೆ ಮೊದಲು ಹೊಲವನ್ನು ಸಣ್ಣ ಸಣ್ಣ ಬದು ಹಾಕಿ ಚೌಕುಮಡಿ ಮಾಡುತ್ತಾರೆ. ಬಿದ್ದ ನೀರು ಹರಿದು ಹೋಗದೆ ಅಲ್ಲೇ ನಿಂತು ನಿಧಾನಕ್ಕೆ ಇಂಗಲಿ ಎಂದು. ಪೈರು ಎದ್ದ ಮೇಲೆ ಸಾಲಿನ ನಡುವೆ ಎಡೆಕುಂಟೆ ಹೊಡೆಯುತ್ತಾರೆ. ಕಳೆ ತೆಗೆಯುವುದು ಅದರ ಒಂದು ಉದ್ದೇಶ ಅಷ್ಟೇ. ಮಣ್ಣು ಒಣಗುತ್ತಾ ಬಿರುಕು ಬಿಟ್ಟರೆ ಆ ಬಿರುಕಿನಲ್ಲಿ ಒಳಗಿನ ಹಸಿ ಹಾರಿಹೋಗುತ್ತದೆ, ಎಳೆ ಬೇರು ಹರಿಯುತ್ತದೆ. ಕುಂಟೆಯ ಅಲಗು ಮೇಲಿನ ಎರಡು ಬೆರಳು ಮಣ್ಣನ್ನು ಪುಡಿ ಮಾಡಿ ಬಿರುಕಿಗೆ ತುಂಬುತ್ತದೆ. ಬ್ರಿಟಿಷರ ಕಾಲದಲ್ಲಿ, 1930ರ ದಶಕದಲ್ಲಿ, ಒಣ ಬೇಸಾಯದ ಸಂಶೋಧನೆಗೆ ದೇಶದಲ್ಲಿ ಬೆರಳೆಣಿಕೆಯ ಕೇಂದ್ರಗಳು ಶುರುವಾದಾಗ ಅವುಗಳಲ್ಲಿ ವಿಜಯಪುರವೂ ಒಂದಾಗಿತ್ತು. ಈ ಸೀಮೆಯ ಪ್ರಸಿದ್ಧ ತಳಿ ಮಾಲದಂಡಿ ಮಾತ್ರ ಪಕ್ಕದ ಸೊಲ್ಲಾಪುರ ಜಿಲ್ಲೆಯ ಮೋಹೋಳದ ಕೇಂದ್ರದಲ್ಲಿ ಸ್ಥಳೀಯ ಜೋಳದಿಂದ ಆರಿಸಿ ತೆಗೆದದ್ದು.

ಒಂದು ವರ್ಷ ಸೆಪ್ಟೆಂಬರ್ ಕೈಕೊಟ್ಟರೆ ಕಥೆ ಮುಗಿಯಿತು. 1876ರಿಂದ 78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದ್ರೆ ಈಗಿನ ವಿಜಯಪುರ, ಬಾಗಲಕೋಟೆ ಸೀಮೆ, ಬೆಂದು ಹೋಯಿತು. ಒಳ್ಳೆಯ ವರ್ಷದ ಕಾಳನ್ನು ಕೆಟ್ಟ ವರ್ಷಕ್ಕೆ ದಾಟಿಸಲು ಹಗೇವು ಹುಟ್ಟಿದ್ದು ಇಂಥ ಸೀಮೆಯಲ್ಲೇ. ಹಗೇವು ಅಂದ್ರೆ ನೆಲದಲ್ಲಿ ತೋಡಿದ ಕಾಳಿನ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಕಣಿಕೆ ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮೇಲೆ ಮಣ್ಣು ಬಡಿಯುತ್ತಿದ್ದರು. ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಮುಗಿದ ಮೇಲೆ ಹುಳಕ್ಕೆ ಬದುಕಲು ಆಗುವುದಿಲ್ಲ. ಮನುಷ್ಯನಿಗೂ ಅಷ್ಟೇ. ಆದ್ದರಿಂದ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ಆರದೆ ಉರಿಯುತ್ತದೆಯೇ ನೋಡಿ, ಆಮೇಲೆಯೇ ಒಳಗೆ ಇಳಿಯುತ್ತಿದ್ದರು.

ಒಣ ನದಿಗೆ ಪ್ರವಾಹ

ಇಷ್ಟು ಕಡಿಮೆ ಮಳೆಯ ಸೀಮೆಯಲ್ಲಿ ನದಿ ಯಾಕೆ ಉಕ್ಕಬೇಕು? ಒಂದು ನದಿಗೆ ನೀರು ಹರಿದು ಬರುವ ಅಷ್ಟೂ ನೆಲವನ್ನು ಅದರ ಜಲಾನಯನ ಪ್ರದೇಶ ಎನ್ನುತ್ತಾರೆ. ಡೋಣಿಯ ಜಲಾನಯನ ಪ್ರದೇಶದ ಬಹುಪಾಲು ಎರೆ ಮಣ್ಣು. ಸೆಪ್ಟೆಂಬರಿನಲ್ಲಿ ನಾಲ್ಕು ಮಳೆ ಆಗುವ ಹೊತ್ತಿಗೆ ಅದು ಉಬ್ಬಿ, ಬಿರುಕೆಲ್ಲ ಮುಚ್ಚಿ, ಹೊಟ್ಟೆ ತುಂಬ ನೀರು ಕುಡಿದಿರುತ್ತದೆ. ಆಗ ಒಂದೇ ದಿನ 80, 100 ಮಿಲಿಮೀಟರ್ ಸುರಿದರೆ ಇಂಗಲು ಜಾಗವಿಲ್ಲ. ನೀರೆಲ್ಲ ಹಳ್ಳಗಳಿಗೆ, ಹಳ್ಳಗಳಿಂದ ಹೊಳೆಗೆ.

ಹೊಳೆಯೋ, ಅದನ್ನು ಸಾಗಹಾಕುವ ಸ್ಥಿತಿಯಲ್ಲಿರುವುದಿಲ್ಲ. ನದಿ ನೀರನ್ನು ಬೇಗ ಸಾಗಿಸಬೇಕಾದರೆ ನೆಲ ಇಳಿಜಾರಾಗಿರಬೇಕು, ಪಾತ್ರ ಆಳವಾಗಿರಬೇಕು, ದಾರಿ ತೆರವಾಗಿರಬೇಕು. ಡೋಣಿಯ ಬಯಲು ಹಂಚಿನಂತೆ ಸಪಾಟು, ಇಳಿಜಾರು ಇಲ್ಲವೆನ್ನುವಷ್ಟು ಕಡಿಮೆ. ನದಿ ಹಾವಿನಂತೆ ಬಳುಕುತ್ತಾ ಸಾಗುತ್ತದೆ. ಪ್ರತಿ ಪ್ರವಾಹವೂ ಸಣ್ಣ ಜೇಡಿಯ ಕೆಸರನ್ನು ಹೊತ್ತು ತಂದು, ವೇಗ ಕಡಿಮೆಯಾದಲ್ಲಿ ಇಳಿಸಿ ಹೋಗುತ್ತದೆ. ಇದೇ ಹೂಳು. ವರ್ಷಗಳು ಕಳೆದಂತೆ ಪಾತ್ರ ಮೇಲೆದ್ದು, ನದಿಯ ತಳಕ್ಕೂ ಪಕ್ಕದ ಹೊಲಕ್ಕೂ ಹೆಚ್ಚು ಅಂತರ ಉಳಿದಿಲ್ಲದ ಜಾಗಗಳಿವೆ. ನೀರು ದಂಡೆ ದಾಟಿದರೆ ಬಯಲಿನಲ್ಲಿ ಹಬ್ಬುತ್ತಲೇ ಹೋಗುತ್ತದೆ. ಅದನ್ನು ತಡೆಯಲು ಅಲ್ಲೊಂದು ದಿಬ್ಬವೂ ಇಲ್ಲ.

ಮೇಲಿಂದ ಜಾಲಿಯ ಕಾಟ. ಸೌದೆಗೆ, ಬೇಲಿಗೆ ಎಂದು 19ನೇ ಶತಮಾನದಲ್ಲಿ ಭಾರತಕ್ಕೆ ತಂದ ಅಮೆರಿಕದ ಗಿಡವಿದು. ನಮ್ಮಲ್ಲಿ ಬಳ್ಳಾರಿ ಜಾಲಿ ಎನ್ನುತ್ತಾರೆ. ಉಪ್ಪು ಮಣ್ಣು, ಬರ ಯಾವುದಕ್ಕೂ ಬಗ್ಗುವುದಿಲ್ಲ. ಬೇಸಿಗೆಯಲ್ಲಿ ನದಿ ಬತ್ತಿದಾಗ ಪಾತ್ರದೊಳಗೇ ಪೊದೆ ಕಟ್ಟುತ್ತದೆ. ಹೊಳೆ ಬಂದಾಗ ಕಸಕಡ್ಡಿ ಅದಕ್ಕೆ ಸಿಕ್ಕಿ ಸಣ್ಣ ಒಡ್ಡಿನ ಹಾಗೆ ನಿಲ್ಲುತ್ತದೆ. ಅದರ ಹಿಂದೆ ನೀರು ನಿಧಾನವಾಗಿ ಹೂಳು ಇನ್ನಷ್ಟು ಕೂರುತ್ತದೆ. ಹೂಳು ಬಂದರೆ ಗಿಡಕ್ಕೆ ಇನ್ನೂ ಜಾಗ.

ನೆಲಮಟ್ಟದ ಸೇತುವೆಗಳು ಮುಳುಗುವುದರಲ್ಲೂ ಬೇರೆ ರಹಸ್ಯವಿಲ್ಲ. ಹೊಳೆ ಬಂದಾಗ ಮೇಲೆ ಹರಿದು ಹೋಗಲಿ, ಇಳಿದ ಮೇಲೆ ಜನ ಓಡಾಡಲಿ ಎಂದೇ ಅವನ್ನು ತಗ್ಗಿನಲ್ಲಿ ಕಟ್ಟಿರುತ್ತಾರೆ. ಪಾತ್ರ ಮೇಲೆದ್ದಷ್ಟೂ ಮುಳುಗುವ ಸರದಿ ಹೆಚ್ಚು. ಇಂಥ ಸೇತುವೆಯ ಮೇಲೆ ಮೊಣಕಾಲುದ್ದ ನೀರು ಹರಿಯುತ್ತಿದ್ದರೂ ದಾಟಲು ಹೋಗಬಾರದು. ಕೆಸರು ನೀರಿನಲ್ಲಿ ಅಂಚು ಕಾಣುವುದಿಲ್ಲ, ನೀರಿನ ತಳ್ಳುವಿಕೆಗೆ ಬೈಕು ನಿಲ್ಲುವುದಿಲ್ಲ.

ಹೂಳೆತ್ತಿದರೆ ಸಾಕಾ?

ಡೋಣಿಯ ಹೂಳು ತೆಗೆಯಿರಿ ಎಂಬ ಬೇಡಿಕೆ ದಶಕಗಳ ಹಳೆಯದು. ಅದರಿಂದ ಆಗುವ ಲಾಭ ನಿಜ. ಪಾತ್ರ ಆಳವಾದರೆ ನೀರು ದಂಡೆಯೊಳಗೇ ಸಾಗುತ್ತದೆ. ಇನ್ನೊಂದು ಲಾಭದ ಬಗ್ಗೆ ಮಾತು ಕೇಳುವುದು ಕಡಿಮೆ. ನದಿಯ ತಳ ಇಳಿದರೆ ಪಕ್ಕದ ಹೊಲದೊಳಗೆ ನಿಂತ ಸವಳು ನೀರಿಗೂ ಇಳಿದು ಹೋಗಲು ದಾರಿಯಾಗುತ್ತದೆ. ನನ್ನ ಪ್ರಕಾರ ಪ್ರವಾಹಕ್ಕಿಂತ ಇದೇ ದೊಡ್ಡ ವಿಷಯ. ಪ್ರವಾಹ ನಾಲ್ಕು ದಿನದ್ದು, ಸವಳು ವರ್ಷಗಟ್ಟಲೆಯದು.

ಆದರೆ ಹೂಳು ಎಲ್ಲಿಂದ ಬಂತು? ಮೇಲಿನ ಹೊಲಗಳಿಂದ. ಅಲ್ಲಿ ಒಡ್ಡು, ಬದು ಇಲ್ಲದೆ ಮಣ್ಣು ಕೊಚ್ಚಿ ಬರುತ್ತಿದ್ದರೆ ಎತ್ತಿದ ಹೂಳು ಕೆಲವೇ ಮಳೆಗಾಲದಲ್ಲಿ ಮತ್ತೆ ಬಂದು ಕೂರುತ್ತದೆ. ಎತ್ತಿದ್ದನ್ನು ದಂಡೆಯ ಮೇಲೆ ಗುಡ್ಡೆ ಹಾಕಿ ಬಿಟ್ಟರೆ ಇನ್ನೂ ಕಷ್ಟ. ಅರ್ಧ ಮಣ್ಣು ನದಿಗೆ ಜಾರುತ್ತದೆ, ಉಳಿದರ್ಧ ಗೋಡೆಯಾಗಿ ನಿಂತು ಹೊಲದ ನೀರು ನದಿಗೆ ಇಳಿಯದಂತೆ ತಡೆಯುತ್ತದೆ. ಕೆರೆಯ ಹೂಳನ್ನು ಹೊಲಕ್ಕೆ ಹಾಕುವ ರೂಢಿ ಇದೆಯಲ್ವಾ, ಅದನ್ನೂ ಇಲ್ಲಿ ಕಣ್ಣು ಮುಚ್ಚಿ ಮಾಡುವಂತಿಲ್ಲ. ಸವಳು ಹೂಳಾದರೆ ಒಳ್ಳೆಯ ಹೊಲಕ್ಕೂ ಉಪ್ಪು ಸೇರುತ್ತದೆ. ಮೊದಲು ಪರೀಕ್ಷೆ ಆಗಬೇಕು.

ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ ನೀರು ನಿಲ್ಲಿಸುವ ಮಾತಿಗೂ ಇದೇ ಎಚ್ಚರ ಬೇಕು. ಹೊಳೆ ತುಂಬಿದಾಗ ಹಿಡಿದ ನೀರು ಬೇರೆ, ಡಿಸೆಂಬರಿನಲ್ಲಿ ಜಿನುಗಿ ಬಂದ ನೀರು ಬೇರೆ. ಎರಡನೆಯದನ್ನು ಪಂಪಿನಿಂದ ಹೊಲಕ್ಕೆ ಬಿಟ್ಟರೆ ನೀರಿನ ಜೊತೆ ಉಪ್ಪನ್ನೂ ಬಿಟ್ಟ ಹಾಗೆ.

ಕಾಲುವೆ ನೀರು ಬಂದ ಮೇಲೆ

ಈಗ ಈ ಸೀಮೆಯ ಲೆಕ್ಕ ಬದಲಾಗುತ್ತಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ಆಲಮಟ್ಟಿ ಜಲಾಶಯದಿಂದ ನೀರೆತ್ತಿ ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳ ಮೂಲಕ ಜಿಲ್ಲೆಯ ಒಳಭಾಗಕ್ಕೆ ಹರಿಸಲಾಗುತ್ತಿದೆ. ಕೆರೆಗಳಿಗೆ ನೀರು ತುಂಬುತ್ತಿದೆ. ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳಲ್ಲಿ ಕೃಷ್ಣೆಯ ಸಿಹಿ ನೀರು ಎಷ್ಟೋ ಊರಿನ ನಲ್ಲಿಗೆ ಬಂದಿದೆ. ಮಳೆ ನೆರಳಿನಲ್ಲಿ ತಲೆಮಾರುಗಳ ಕಾಲ ಆಕಾಶ ನೋಡಿದವರಿಗೆ ಇದು ಸಣ್ಣ ಮಾತಲ್ಲ.

ಎರೆ ಮಣ್ಣಿಗೆ ಮಾತ್ರ ಇದು ಹೊಸ ಅನುಭವ. ಈವರೆಗೆ ವರ್ಷಕ್ಕೊಮ್ಮೆ ನೆನೆದು, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತಿದ್ದ ನೆಲ ಅದು. ಅದಕ್ಕೆ ಕಬ್ಬಿಗೋ ಭತ್ತಕ್ಕೋ ಎಂದು ವರ್ಷವಿಡೀ ನೀರು ಹಾಯಿಸಿದರೆ ಒಳಗಿನ ನೀರಿನ ಮಟ್ಟ ಮೇಲೇರುತ್ತದೆ. ಮೇಲೇರುವ ನೀರು ಆಳದಲ್ಲಿ ಮಲಗಿದ್ದ ಲವಣವನ್ನೂ ಎತ್ತಿ ತರುತ್ತದೆ. ನೀರು ನಿಂತು ಬೇರಿಗೆ ಉಸಿರು ಸಿಗದ ಹೊಲವನ್ನು ಜವಳು ಎನ್ನುತ್ತಾರೆ, ಉಪ್ಪು ಏರಿದ್ದನ್ನು ಸವಳು. ಎರಡೂ ಜೊತೆಯಾಗಿಯೇ ಬರುವುದರಿಂದ ರೈತರ ಬಾಯಲ್ಲಿ ಸವಳು ಜವಳು ಒಂದೇ ಉಸಿರಿನ ಮಾತು. ಸಿಹಿ ನೀರು ಕೊಟ್ಟರೂ ಹೊಲ ಉಪ್ಪಾಗುವುದು ಹೀಗೆ. ಕೃಷ್ಣೆಯ ಇತರ ಅಚ್ಚುಕಟ್ಟುಗಳಲ್ಲಿ ಇದು ಈಗಾಗಲೇ ನಡೆದಿದೆ.

ಸುಧಾರಿಸುವ ದಾರಿ ಇದೆ. ಜೇಡಿಯ ಕಣಗಳಿಗೆ ಸೋಡಿಯಂ ಅಂಟಿಕೊಂಡು ಮಣ್ಣು ಗಟ್ಟಿಯಾಗಿದ್ದರೆ ಜಿಪ್ಸಂ ಹಾಕುತ್ತಾರೆ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಿತ್ತು ತಾನು ಕೂರುತ್ತದೆ, ಮಣ್ಣು ಸಡಿಲಾಗುತ್ತದೆ. ಬಿಡುಗಡೆಯಾದ ಸೋಡಿಯಂ ಅನ್ನು ಮಳೆ ನೀರೋ ಕಾಲುವೆ ನೀರೋ ತೊಳೆದು ಹೊರಗೆ ಒಯ್ಯಬೇಕು. ಜಿಪ್ಸಂ ಹಾಕಿ ಸುಮ್ಮನೆ ಕೂತರೆ ಪ್ರಯೋಜನವಿಲ್ಲ. ತೊಳೆದ ನೀರು ಹೊರಗೆ ಹೋಗಲು ಬಸಿಗಾಲುವೆ ಬೇಕು. ತೆರೆದ ಚರಂಡಿಯಾಗಿರಬಹುದು, ನೆಲದಡಿ ಹೂತ ತೂತಿನ ಪೈಪು ಆಗಿರಬಹುದು.

ಆ ಬಸಿಗಾಲುವೆಗಳ ನೀರು ಕೊನೆಗೆ ಹೋಗಿ ಬೀಳುವುದು ಡೋಣಿಗೇ, ಅಲ್ಲಿಂದ ಕೃಷ್ಣೆಗೆ. ಆದ್ದರಿಂದ ಹೊಲದಲ್ಲಿ ಪೈಪು ಹೂಳುವ ಮೊದಲು ನದಿಯ ತಳ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಬೇಕಾಗುತ್ತದೆ. ತಳ ಪೈಪಿಗಿಂತ ಕೆಳಗಿದ್ದರೆ ಸವಳು ನೀರು ಹೊಲ ಬಿಟ್ಟು ಹೋಗುತ್ತದೆ. ಹೂಳು ತುಂಬಿ ತಳ ಪೈಪಿಗಿಂತ ಮೇಲಿದ್ದರೆ ಹೊಳೆ ಬಂದಾಗ ನದಿಯ ನೀರೇ ಅದೇ ಪೈಪಿನಲ್ಲಿ ಹಿಂದಕ್ಕೆ ಹೊಲಕ್ಕೆ ಬರುತ್ತದೆ.